ಪೀಠದ ಬಟ್ಟೆ ತೊಳೆದ ನೀರು

ಮೇ ಹನ್ನೊಂದು, ಭಾನುವಾರ
ಊಟವಾದ ಮೇಲೆ

ನನ್ನ ಬಾಯಿಬಡುಕಿ ಮೊಮ್ಮಗಳಿಗೆ,

ಮೊದಲು ಬೈಗುಳ, ಆಮೇಲೆ ಕ್ಷೇಮಸಮಾಚಾರ. ಈ ಕಾಗದ ಒಡೆದವರು ನಿನ್ನ ಆಫೀಸಿನವರಾಗಿದ್ದರೆ ಇಲ್ಲಿಗೇ ಮಡಚಿ ಅವಳ ಕೈಗೆ ಕೊಡಿ. ಇನ್ನೊಬ್ಬರ ಮನೆಯ ಮಾತು ಓದುವುದಕ್ಕೆ ನಾಚಿಕೆಯಾಗಬೇಕು. ನೀನೇ ಆಗಿದ್ದರೆ ನೆಟ್ಟಗೆ ಕೂತು ಓದು. ಅರ್ಧ ಓದಿ, "ನಮ್ಮಜ್ಜಿ ಯಾವಾಗಲೂ ಹೀಗೇ" ಅಂತ ನಕ್ಕು ಪಕ್ಕಕ್ಕೆಸೆಯುವ ಕಾಗದವಲ್ಲ ಇದು.

ನಿನ್ನ ಪಿಕ್ಚರ್ ನೋಡಿ ಬಂದ ಕೂಡಲೇ ಬರೆಯಬೇಕಿತ್ತು, ತಡವಾಯಿತು, ತಪ್ಪು ನನ್ನದೇ. ನನ್ನದು ನಾಲ್ಕನೇ ಕ್ಲಾಸಿನ ಓದು. ಕೈ ಒಂದು ಸಾಲು ಬರೆಯುವಷ್ಟರಲ್ಲಿ ಕೋಪ ಒಂದು ಪುಟ ಮುಂದೆ ಓಡಿರುತ್ತದೆ. ಫೋನಾದರೆ ನಡುವೆ ಬಾಯಿ ಹಾಕುತ್ತೀಯ. ಕಾಗದಕ್ಕೆ ಹಾಕು ನೋಡೋಣ.

ನಾನು ಚೆನ್ನಾಗಿದ್ದೇನೆ. ಮೊಣಕಾಲು ಮೊದಲಿನಷ್ಟೇ ಕೆಟ್ಟದ್ದು. ಹಳೇ ಇಸ್ತ್ರಿಪೆಟ್ಟಿಗೆ ಸುಟ್ಟುಹೋಯಿತು, ನಿನ್ನಮ್ಮ ಹೊಸದು ತಂದಳು. ಅವಳು ಹೊಲಿಗೆ ಅಂಗಡಿಗೆ ಹೋಗುತ್ತಾಳೆ, ಬರುತ್ತಾಳೆ, ನಿನ್ನ ಪಿಕ್ಚರಿನ ಬಗ್ಗೆ ತುಟಿ ಬಿಚ್ಚುವುದಿಲ್ಲ. ಅವಳ ಪಾಲಿಂದೂ ನಾನೇ ಬರೆಯುತ್ತಿದ್ದೇನೆ ಅಂದುಕೋ.

ಆವತ್ತು ಪೂಜೆಯ ಕೊನೆಗೆ ಫಾದರ್, "ನಮ್ಮ ಚರ್ಚಿನಲ್ಲೇ ಆಡಿ ಬೆಳೆದ ಹುಡುಗಿ ವಿಶ್ವಾಸದ ಮೇಲೆ ಒಂದು ಕೊಲೆಯ ಪಿಕ್ಚರ್ ತೆಗೆದಿದ್ದಾಳೆ, ಎಲ್ಲರೂ ಹೋಗೋಣ" ಅಂದರು. ಹೋದೆವು. ಎರಡು ಸಾಲು ಕುರ್ಚಿ ಪೂರ್ತಿ ನಮ್ಮವರೇ. ನನ್ನ ಒಂದು ಪಕ್ಕ ಹಾಡು ಕಲಿಸುವ ಮೇಷ್ಟ್ರು, ಇನ್ನೊಂದು ಪಕ್ಕ ಬಡಗಿ.

ಹೌದು, ಅದೇ ಬಡಗಿ. ನಿಮ್ಮಪ್ಪನ ಜೊತೆ ಒಂದೇ ಶೆಡ್ಡಿನಲ್ಲಿ ದುಡಿದು, ಕುಡಿದ ಜಗಳದಲ್ಲಿ ಸುತ್ತಿಗೆ ಬೀಸಿ, ನನ್ನ ಮಗನನ್ನು ಕೊಂದವನು. ಜೈಲು ಮುಗಿಸಿ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಪೂಜೆಯಲ್ಲಿ ಒಬ್ಬರಿಗೊಬ್ಬರು ಸಮಾಧಾನ ಹೇಳಿ ಕೈಕೊಡುವ ಹೊತ್ತಿಗೆ ಎಲ್ಲರೂ ಅವನಿಗೆ ಬೆನ್ನು ಮಾಡುತ್ತಿದ್ದರು. ಒಂದು ಭಾನುವಾರ ನಾನೇ ಎದ್ದು ಹೋಗಿ ಕೈಕೊಟ್ಟೆ. ಮುಂದಿನ ವಾರ ನನ್ನ ಬೆಂಚಿಗೇ ಕರೆದೆ. ಅಲ್ಲಿಂದ ಅವನ ಜಾಗ ನನ್ನ ಪಕ್ಕ.

ಪಿಕ್ಚರ್ ಶುರುವಾದಾಗ ನನಗೆ ಹೆಮ್ಮೆಯೋ ಹೆಮ್ಮೆ. ಚರ್ಚಿನಲ್ಲಿ ವಾದ್ಯ ನುಡಿಸುವವನ ಕೊಲೆಯಾಗಿದೆ. ದೇವರಿಲ್ಲ ಅನ್ನುವ ಪೊಲೀಸಮ್ಮ ಬರುತ್ತಾಳೆ. ಸತ್ತವನ ಸ್ನೇಹಿತನನ್ನು ಹಿಡಿಯುತ್ತಾರೆ. ಸತ್ತವನ ತಾಯಿ ಎಲ್ಲರೆದುರು ಅವನ ಕೈ ಹಿಡಿದು, "ಕ್ಷಮಿಸಿದ್ದೀನಿ ಮಗನೇ" ಅನ್ನುತ್ತಾಳೆ. ನನ್ನನ್ನೇ ಬರೆದಿದ್ದಾಳಲ್ಲೋ ಅಂತ ಬಡಗಿಗೆ ಮೊಣಕೈಯಲ್ಲಿ ತಿವಿದೆ. ಅವನೂ ನಕ್ಕ.

ಆ ಮುದುಕಿಯೂ ನನ್ನ ಹಾಗೆ ಚರ್ಚಿನ ಪೀಠದ ಬಟ್ಟೆ ಒಗೆಯುವವಳು. ದ್ರಾಕ್ಷಾರಸದ ಬಟ್ಟಲು ಒರೆಸಿದ ಬಟ್ಟೆಯ ಮೊದಲ ನೀರನ್ನು ಮೋರಿಗೆ ಚೆಲ್ಲದೆ ಗಿಡದ ಬುಡಕ್ಕೆ ಹಾಕುತ್ತಾಳೆ. ಪೂಜೆಯಲ್ಲಿ ಆ ರಸ ಕರ್ತನ ರಕ್ತವಾಗುತ್ತದೆ, ಅದು ಮುಟ್ಟಿದ ನೀರು ಕೊಳಚೆಗೆ ಸೇರಬಾರದು, ಮಣ್ಣಿಗೇ ಸೇರಬೇಕು ಅಂತ ನಿನಗೆ ಹೇಳಿಕೊಟ್ಟವಳು ನಾನು. "ನಾನೇ ಸುರೀತೀನಿ" ಅಂತ ಚೊಂಬು ಕಿತ್ತುಕೊಂಡು ಅರ್ಧ ನೀರು ಪಾದಕ್ಕೇ ಸುರಿದುಕೊಳ್ಳುತ್ತಿದ್ದೆ ನೀನು.

ಆ ಗಿಡವನ್ನೇ ಪೊಲೀಸಮ್ಮನ ಕೈಯಲ್ಲಿ ಅಗೆಸಿದೆಯಲ್ಲೇ. ನೀರಿನಲ್ಲಿದ್ದದ್ದು ದ್ರಾಕ್ಷಾರಸವಲ್ಲವಂತೆ, ಮಗನ ರಕ್ತವಂತೆ. ಅವನು ದೇವರನ್ನು ಬಿಟ್ಟನೆಂದು ತಾಯಿಯೇ ಕೊಂದಳಂತೆ. ಆಮೇಲೆ ಪೊಲೀಸಮ್ಮ ಹೇಳುತ್ತಾಳೆ: "ಹೆತ್ತ ಮಗನನ್ನು ಕೊಂದವನನ್ನು ಯಾವ ತಾಯಿಯೂ ಕ್ಷಮಿಸಲ್ಲ. ಅವನು ಕೊಂದಿಲ್ಲ ಅಂತ ಗೊತ್ತಿದ್ದವಳು ಮಾತ್ರ ಕ್ಷಮಿಸ್ತಾಳೆ. ಅಲ್ಲೇ ನೀನು ಸಿಕ್ಕಿಬಿದ್ದೆ."

ಹಾಲ್ ತುಂಬ ಚಪ್ಪಾಳೆ. ದೀಪ ಹತ್ತಿದಾಗ ನಮ್ಮ ಎರಡು ಸಾಲಿನವರು ಮಾತ್ರ ಅವರವರ ಚಪ್ಪಲಿ ನೋಡುತ್ತಿದ್ದರು. ಹಾಡಿನ ಮೇಷ್ಟ್ರು, "ಕಥೆ ತಾನೇ ಅಜ್ಜಿ, ಮನಸ್ಸಿಗೆ ಹಚ್ಕೋಬೇಡಿ" ಅಂದರು. "ಹಚ್ಕೊಳ್ಳೋಕೆ ಅದೇನು ಮುಲಾಮೇ ಮೇಷ್ಟ್ರೇ" ಅಂದೆ.

 ಬಸ್ಸು ಹತ್ತುವಾಗ ಬಡಗಿ ಎಂದಿನಂತೆ ನನ್ನ ತೋಳು ಹಿಡಿಯಲಿಲ್ಲ. ಮುಂದಿನ ಭಾನುವಾರ ಕೊನೆಯ ಬೆಂಚಿಗೆ ಹೋಗಿ ಕೂತ. ಅದರ ಮುಂದಿನ ಭಾನುವಾರ ಬರಲೇ ಇಲ್ಲ. ಶೆಡ್ಡಿಗೇ ಹೋಗಿ ಬೈದೆ. ತಲೆ ಎತ್ತದೆ ಹೇಳಿದ: "ಅವಳು ಹೇಳಿದ್ದು ಸರಿ ಅಮ್ಮ. ಯಾವ ತಾಯೀನೂ ಕ್ಷಮಿಸಲ್ಲ. ನೀವು ನನ್ನ ಮೇಲೆ ಕನಿಕರಪಟ್ಟು ಇಷ್ಟು ದಿನ ಕೈ ಕೊಟ್ರಿ, ನಾನು ದಡ್ಡ, ನಂಬಿಬಿಟ್ಟೆ." ಅವನ ಬಾಯಲ್ಲಿ ಹಳೇ ವಾಸನೆ. ಆ ವಾಸನೆಗೇ ಅಲ್ಲವೇನೇ ನಿಮ್ಮಪ್ಪ ಹೋದದ್ದು.

ಈಗ ಬಟ್ಟೆ ಒಗೆಯುವಾಗ ಹಿತ್ತಲ ಬಾಗಿಲು ಹಾಕಿಕೊಳ್ಳುತ್ತೇನೆ. ಪಕ್ಕದ ಮನೆಯವಳು ಗೋಡೆಯಾಚೆಯಿಂದ, "ಏನಜ್ಜಿ, ಇವತ್ತು ಯಾರ ನೀರು" ಅಂತ ಕೇಳಿದಳು. ತಮಾಷೆಗೇ ಕೇಳಿದ್ದು. ನಾನೂ, "ನಿಂದೇ ಬಾಕಿ ಕಣೇ" ಅಂದೆ. ಒಳಗೆ ಬಂದು ಬಹಳ ಹೊತ್ತು ಕೈ ಒರೆಸಿಕೊಳ್ಳುತ್ತ ನಿಂತಿದ್ದೆ.

ನಿನ್ನನ್ನು ಫೋನಿನಲ್ಲಿ ಕೇಳಿದರೆ, "ಇದು ಪ್ರಶ್ನೆ ಕೇಳೋ ಪಿಕ್ಚರ್ ಅಜ್ಜಿ" ಅಂದೆ. ಕೇಳು, ಬೇಡ ಅಂದವರು ಯಾರು? ಮಗನ ಪೆಟ್ಟಿಗೆ ಮಣ್ಣಿಗಿಳಿಸಿದ ದಿನ ನಾನು ಆ ಶಿಲುಬೆಯ ಮುಂದೆ ನಿಂತು ಕೇಳಿದ ಪ್ರಶ್ನೆಗೆ ಫಾದರ್ ಕಿವಿ ಮುಚ್ಚಿಕೊಂಡರು. ಆದರೆ ದೇವರನ್ನು ನಾನು ಮುಖಕ್ಕೇ ಕೇಳಿದೆ. ನೀನು ನನ್ನನ್ನು ಮುಖಕ್ಕೆ ಕೇಳಲಿಲ್ಲ. ಕತ್ತಲಲ್ಲಿ, ಕಂಡವರ ಜೊತೆ ಕೂತು ಕೇಳಿದೆ.

ಇರಲಿ. ಹೊತ್ತಿಗೆ ಸರಿಯಾಗಿ ತಿನ್ನು. ಕಣ್ಣು ಕೆಡಿಸಿಕೊಳ್ಳಬೇಡ. ಕರ್ತನು ನಿನ್ನನ್ನು ಕಾಯಲಿ. ಕೋಪ ಬಂತೆಂದು ಕೊಟ್ಟ ಆಶೀರ್ವಾದ ವಾಪಸ್ಸು ಕೇಳುವವಳಲ್ಲ ನಾನು.

ನಿನ್ನನ್ನು ಎತ್ತಿ ಆಡಿಸಿದ,
ಅಜ್ಜಿ

ಇನ್ನೊಂದು ಮಾತು. ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ, ಬರೆಯಲು ಕೈ ಬರಲಿಲ್ಲ. ಹೋದ ವರ್ಷ ನೀನು ಬಂದು ಅಡುಗೆಮನೆಯ ನೆಲದ ಮೇಲೆ ಕೂತು, "ಅಪ್ಪನ್ನ ಕೊಂದವನನ್ನ ಹೇಗಜ್ಜಿ ಕ್ಷಮಿಸಿದೆ, ಬಿಡಿಸಿ ಹೇಳು" ಅಂದೆ. ಅವನು ಎದುರಿಗೆ ಬಂದರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದವಳು ನೀನು. ನಿನಗೂ ಕ್ಷಮಿಸಬೇಕು ಅನ್ನಿಸಿದೆ, ದಾರಿ ಕೇಳುತ್ತಿದ್ದೀಯ ಅಂದುಕೊಂಡೆ. ಅದಕ್ಕೇ ಯಾರಿಗೂ ಹೇಳದ್ದನ್ನೆಲ್ಲ ಹೇಳಿದೆ. ನೀನು ಹೊರಟ ಮೇಲೆ ತಡೆಯಲಾರದೆ ಶೆಡ್ಡಿಗೆ ಹೋಗಿ, "ಹುಡುಗಿ ಕರಗ್ತಾ ಇದ್ದಾಳೆ ಕಣೋ" ಅಂತ ಅವನಿಗೂ ಹೇಳಿಬಿಟ್ಟೆ. ಅವನು ಗರಗಸ ಕೆಳಗಿಟ್ಟು ಅತ್ತ. ಅವನು ಒಗೆದ ಅಂಗಿ ಹಾಕಿಕೊಂಡು ನಿನ್ನ ಪಿಕ್ಚರಿಗೆ ಬಂದದ್ದು ನೀನು ಕರಗಿದ್ದನ್ನು ನೋಡುವುದಕ್ಕೇ.

ಆವತ್ತು ನೀನು ಕೇಳಿದ್ದು ನಿನಗೋಸ್ಕರವೋ, ಪಿಕ್ಚರಿಗೋಸ್ಕರವೋ? ಒಂದೇ ಸಾಲು ಸಾಕು, ಅಲಂಕಾರ ಬೇಡ. ಯಾವ ಉತ್ತರವಾದರೂ ಅವನ ಶೆಡ್ಡಿಗೆ ಹೋಗಿ ಓದಿ ಹೇಳಬೇಕಾದವಳು ನಾನು. ಬರುವ ತಿಂಗಳು ಹುಟ್ಟುವುದರೊಳಗೆ ಬರೆ.