ತಾಯಿಯ ಮನೆಯ ಒಪ್ಪಿಗೆ

7-2-1955, ಸೋಮವಾರ
ಸ್ನಾನ, ಚಾ, ಮತ್ತೆ ಪರೇಲ್ ಟ್ರಾಮು. ಶನಿವಾರ ಅನಾಥಾಲಯದ ಆಫೀಸು ಮುಚ್ಚಿತ್ತು. ಇವತ್ತು ತೆರೆದಿತ್ತು. ಎರಡು ವರ್ಷದ ಹಿಂದೆ ಅಕ್ಕ ತೀರಿಕೊಂಡಾಗಿನಿಂದ ಅವಳ ಮಗಳು ಚಂಪಾ ಅಲ್ಲೇ. ಮಗುವಿಗೆ ಏಳು ವರ್ಷ. ಈಗ ದಹಿಸರ್‌ನ ದಂಪತಿಗೆ ದತ್ತು ಕೊಡುತ್ತಾರಂತೆ. ಒಳ್ಳೆಯದೇ. ಏಡನ್‌ನಲ್ಲಿ ನಮ್ಮ ನರ್ಸ್ ಕ್ವಾರ್ಟರ್ಸಿನಲ್ಲಿ ಮಕ್ಕಳಿಗೆ ಜಾಗವಿಲ್ಲ. ಒಪ್ಪಿಗೆಯ ಸಹಿ ಹಾಕಿ ಬರುವ ಶನಿವಾರದ ಹಡಗು ಹಿಡಿಯುವುದೆಂದೇ ಬಂದವಳು.

ಗುಮಾಸ್ತ ನೀಲಕಂಠಪ್ಪ, ಧಾರವಾಡದವರು, ಫೈಲ್ ನೋಡಿದರು. "ತಂದಿ ಸಹಿ ಆಗೇತ್ರಿ ಅಕ್ಕಾರ. ನಿಮ್ಮದೇನೂ ಬೇಕಾಗೂದಿಲ್ಲ."

ಭಾವ... ಬೈಕುಲ್ಲಾದ ಹೋಟೆಲಿನಲ್ಲಿ ಅಡುಗೆ, ಮತ್ತೊಂದು ಮದುವೆ. ಮಗಳನ್ನು ನೋಡಲು ಒಮ್ಮೆಯೂ ಬಾರದವನು. ಅವನ ಸಹಿ ಸಾಕು, ನಾನು ಬೇಡ! ಪಿತ್ತ ನೆತ್ತಿಗೇರಿತು. "ನಮ್ಮದು ಅಳಿಯಸಂತಾನ. ಮಕ್ಕಳು ಅಮ್ಮನ ಮನೆಯವರು. ಅಪ್ಪನ ಸಹಿಯಿಂದ ಏನೂ ಆಗುದಿಲ್ಲ. ನಮ್ಮನ್ನು ಕೇಳದೆ ಕೊಟ್ಟರೆ ನಾನು ಸುಮ್ಮನಿರುದಿಲ್ಲ."

ಪಾಪ, ಎಲ್ಲ ಬರೆದುಕೊಂಡರು. ಗುರುವಾರ ಬರುತ್ತೇನೆ ಎಂದು ಎದ್ದೆ. ಅಲ್ಲೇ ಸಹಿ ಹಾಕಬಹುದಿತ್ತು. ಕಾಯಲಿ ಅನಿಸಿತು.

ಹೊರಗೆ ಗಾಡಿಯಲ್ಲಿ ಬಟಾಟಾವಡೆ. ಎರಡು ತಿಂದೆ. ಹಸಿಮೆಣಸು ಚೆನ್ನಾಗಿತ್ತು.

8-2, ಮಂಗಳವಾರ
ಚಂಪಾಳ ಜೊತೆ ಬೆಂಚಿನಲ್ಲಿ ಅರ್ಧ ಗಂಟೆ. ಮೂಗು ಅಕ್ಕನದೇ. ಮಾತು ಮರಾಠಿ, ಹಿಂದಿ, ಕನ್ನಡ ತಡವರಿಸುತ್ತಾಳೆ. ನನ್ನ ಬಗ್ಗೆ ಒಂದೂ ಕೇಳಲಿಲ್ಲ. ದಹಿಸರ್‌ನವರದ್ದೇ ಧ್ಯಾನ. ಗಂಡ ಶಂಕ್ರೆಪ್ಪನಿಗೆ ಕಿರಾಣಿ ಅಂಗಡಿಯಂತೆ. ಹೆಂಡತಿ ರಾಚವ್ವ ಮೂರು ಸಲ ಬಂದು ತಲೆ ಬಾಚಿದ್ದಾಳಂತೆ.

"ಉನ್ಕೆ ಘರ್ ಬಕರಿ ಐತಿ. ಆಯಿ ಬೋಲಿ, ಹಾಲು ನಾನೇ ಕರೀಬೇಕು."

ಆಡು ಸಾಕಿದ್ದಾರಂತೆ. ಆಗಲೇ ಆಯಿ, ಅಮ್ಮ! 'ಐತಿ' ನಮ್ಮ ಕಡೆಯ ಮಾತಲ್ಲ, ಅದೂ ರಾಚವ್ವನಿಂದ ಕಲಿತದ್ದಿರಬೇಕು.

ಸಂಜೆ ಚೌಪಾಟಿ. ಭೇಲ್. ಹುಣಸೆ ಚಟ್ನಿ ಸೀರೆಯ ಮೇಲೆ ಬಿತ್ತು. ಕಲೆ ಹೋಗಲಿಲ್ಲ.

10-2, ಗುರುವಾರ, ಮಧ್ಯಾಹ್ನ
ಸಹಿ ಹಾಕಲು ಹೋದೆ. ನೀಲಕಂಠಪ್ಪ ಫೈಲ್ ತೆಗೆಯಲೇ ಇಲ್ಲ.

"ದಹಿಸರದವರು ನಿನ್ನೆ ಬ್ಯಾರೆ ಹುಡುಗೀನ ಕರಕೊಂಡು ಹೋದ್ರಲ್ರಿ. ತಾಯಿ ಮನಿಯವರದು ತಕರಾರೈತಿ ಅಂತ ನಾನ ಹೇಳಿದೆ. ನಾಳೆ ಕೋರ್ಟು-ಕಚೇರಿ ಅಂತ ಅಂಜಿದ್ರು. ಆ ರಾಚವ್ವ ಅಳಕೋತನ ಹೋದ್ಲರಿ."

"ನನ್ನದು ತಕರಾರು ಇರಲಿಲ್ಲ."

"ಹಂಗಾರ ಅವತ್ತ ಯಾಕ ಹಂಗ ಅಂದ್ರಿ?"

ನನ್ನನ್ನೂ ಒಂದು ಮಾತು ಕೇಳಲಿ ಎಂಬ ಹಟ, ಅಷ್ಟೆ. ಎರಡು ವರ್ಷ ಒಂದು ಕಾಗದ ಹಾಕದವಳಿಗೆ ಹಟ ಬೇರೆ. ನಾಚಿಕೆಯಾಯಿತು. ಚಂಪಾಗೆ ಇನ್ನೂ ಯಾರೂ ಹೇಳಿಲ್ಲ. ನೋಡದೆ ಬಂದೆ.

ಇವತ್ತು ಹೊರಗೆ ಏನೂ ತಿನ್ನಲಿಲ್ಲ.

11-2, ಶುಕ್ರವಾರ
ಟಿಕೆಟ್ ವಾಪಸ್ ಮಾಡಿದೆ. ಏಡನ್‌ಗೆ ತಂತಿ. ಕೆಲಸ ಉಳಿಯುವುದು ಅನುಮಾನ. ಬೈಕುಲ್ಲಾದ ಚಾಳಿನಲ್ಲಿ ಗೆಳತಿಯ ರೂಮಿದೆ. ಮಗುವನ್ನು ತಂದಿಟ್ಟುಕೊ ಎಂದಳು. ಪ್ರೀತಿಯಿಂದ ಮಾಡುತ್ತಿದ್ದೇನೆ ಎಂದು ಬರೆದರೆ ಸುಳ್ಳಾದೀತು. ಚಂಪಾಳ ಪಾಲಕಿಯಾಗುವ ಅರ್ಜಿಗೆ ಸಹಿ ಹಾಕಿದೆ. ಈ ಸಲ ನನ್ನ ಸಹಿ ಬೇಕಾಗಿತ್ತು.

13-2, ಭಾನುವಾರ, ಹನ್ನೊಂದು ಗಂಟೆ
ಬೈಕುಲ್ಲಾ ಸ್ಟೇಷನ್ ಎದುರಿನ ಅಂಗಡಿ. ಚಂಪಾ, ನಾನು. ಖಾರದ ಬಟಾಣಿ ಉಸಳ್, ಪಾವ್. ಹೊರಗಿನ ತಿಂಡಿ ಅವಳಿಗೆ ಇದೇ ಮೊದಲಂತೆ. ಮೂಗಿನಲ್ಲಿ ನೀರು, ಆದರೂ ಬಿಡಲಿಲ್ಲ. ಬಟ್ಟೆಯ ಗಂಟು ತೊಡೆಯ ಮೇಲೆ. ಕೆಳಗಿಡು ಎಂದರೆ ಇಡುವುದಿಲ್ಲ.

ತಟ್ಟೆ ಖಾಲಿಯಾದ ಮೇಲೆ ಕೇಳಿದಳು: "ದಹಿಸರ್‌ವಾಲಿ ಆಯಿ ಬರೋವರೆಗೆ ನಿಮ್ಮ ಹತ್ರ, ಹೈ ನಾ?"

ಅವರು ಬರುವುದಿಲ್ಲ ಎಂದೆ.

"ಕ್ಯೂಂ? ನಾನು ಏನು ಮಾಡಿದೆ?"

ಕೈ ತೊಳೆದು ಬಾ, ಹೇಳುತ್ತೇನೆ ಎಂದು ಕಳಿಸಿದೆ. ನಳದ ಹತ್ತಿರ ನಿಂತಿದ್ದಾಳೆ, ಗಂಟು ಕಂಕುಳಲ್ಲಿ. ಇಷ್ಟರಲ್ಲಿ ಬರೆದು ನೋಡಿಕೊಳ್ಳಬೇಕು, ಹೇಗೆ ಹೇಳುವುದೆಂದು. ನೀನು ಏನೂ ಮಾಡಲಿಲ್ಲ ಚಂಪಾ. ಆ ಆಯಿ ಕೂಡ ಏನೂ ಮಾಡಲಿಲ್ಲ. ಅವತ್ತು ಆಫೀಸಿನಲ್ಲಿ ನಾನೇ—