ಮೂರನೆಯ ಕೂಗಿಗೆ ಎದ್ದು ನಿಂತೆ

ಉದಗೀರ
೧೭ ಡಿಸೆಂಬರ್ ೧೯೫೭, ಮಂಗಳವಾರ

ಪ್ರೀತಿಯ ಮಗ ಯೋನಪ್ಪಾ,

ಕೆಮ್ಮು ಹೇಗಿದೆ? ಗಿರಣಿಯ ಅರಳೆ ಧೂಳು ನಿನ್ನ ಎದೆಯಲ್ಲಿ ಗೂಡು ಕಟ್ಟಿದೆಯೆಂದು ಮಲ್ಲಣ್ಣ ಹೇಳಿದ. ಉಮರ್ಗಾ ಬಸ್ಸಿನ ಕಂಡಕ್ಟರ್ ಆತ. ಸೊಲ್ಲಾಪುರಕ್ಕೆ ಬಂದಾಗ ನಿನ್ನನ್ನು ವರ್ಷಕ್ಕೆ ಎರಡು ಸಲ ನೋಡುತ್ತಾನೆ, ಹೆತ್ತವಳಿಗಿಂತ ಎರಡು ಸಲ ಹೆಚ್ಚು. ಅಜವಾನ ಕುದಿಸಿ ಬೆಲ್ಲ ಹಾಕಿ ಕುಡಿ. ಕುಡಿಯುವುದಿಲ್ಲ ಎಂದು ಗೊತ್ತು, ಆದರೂ ಬರೆಯುವುದು ನನ್ನ ಕೆಲಸ. ನನ್ನ ಮೊಣಕಾಲು ಎರಡೂ ಇವೆ. ಮಾತು ಕೇಳುವುದು ಮಾತ್ರ ಒಂದೇ. ಆಸ್ಪತ್ರೆಯ ಬಟ್ಟೆ ಕೋಣೆ ಇನ್ನೂ ನನ್ನ ಕೈಯಲ್ಲಿದೆ. ಹೋದ ವಾರ ಒಗೆಯಲು ಹೋದದ್ದು ನಲವತ್ತೆರಡು ಹಾಸು, ಬಂದದ್ದು ನಲವತ್ತೊಂದು. ಉಳಿದ ಒಂದನ್ನು ದೊಡ್ಡ ಡಾಕ್ಟರರ ನಾಯಿಯ ಕೆಳಗಿನಿಂದ ಎಳೆದು ತಂದೆ. ನಾಯಿಗೂ ಹೇಳಿದೆ, ಮುಕ್ತಾಬಾಯಿಯ ಎಣಿಕೆಯಲ್ಲಿ ಯಾರಿಗೂ ಮಾಫಿ ಇಲ್ಲ ಅಂತ. ಹಾಸಿನ ಮೂಲೆಯಲ್ಲಿ ಕೆಂಪು ದಾರದಿಂದ ಹೊಲಿದ ಗುರುತು ನೋಡಿ ನೋಡಿ ಅಕ್ಷರ ಕಲಿತವಳು ನಾನು. ಅದಕ್ಕೇ ನನ್ನ ಬರಹ ಇನ್ನೂ ಹೊಲಿಗೆಯ ಹಾಗೆ ಕಾಣುತ್ತದೆ. ತಾಳ್ಮೆಯಿಂದ ಓದು, ಈ ಸಲ ಕಡೆಯವರೆಗೂ ಓದು.

ನಿನ್ನ ಮಗಳು ಸಲೋಮಿಗೆ ನಿಲಂಗಾದ ಶಾಲೆಯ ಮಾಸ್ತರ ದೇವಪುತ್ರನ ಜೊತೆ ಮಾತಾಗಿದೆ, ಡಿಸೆಂಬರ್ ಮೂವತ್ತಕ್ಕೆ ಮದುವೆ ಎಂದು ದೀಪಾವಳಿಯ ಹೊತ್ತಿಗೇ ಬರೆದಿದ್ದೆ. ನೀನು ಕಾರ್ಡಿನಲ್ಲಿ ‘ಸಂತೋಷ’ ಎಂದು ಒಂದೇ ಶಬ್ದ ಬರೆದು ಕಳಿಸಿದೆ. ಕಾರ್ಡಿನಲ್ಲಿ ಉಳಿದ ಖಾಲಿ ಜಾಗವನ್ನು ನಾನು ಬಹಳ ಹೊತ್ತು ಓದಿದೆ.

ಸಲೋಮಿ ಈಗ ನೆಲದ ಮೇಲೆ ನಡೆಯುತ್ತಿಲ್ಲ. ಈ ತಿಂಗಳು ಕೋಟೆಯ ಕಂದಕದಿಂದ ಮಂಜು ಏಳುತ್ತದೆ, ಎದ್ದು ನಮ್ಮ ಓಣಿಯನ್ನು ಮನೆ ಮನೆಯಾಗಿ ನುಂಗುತ್ತದೆ. ಹುಡುಗಿ ಆ ಮಂಜಿನೊಳಗೆ ಕೊಡ ಹೊತ್ತು ಹೋಗುತ್ತಾಳೆ. ಮೊದಲು ಬಳೆಯ ಸದ್ದು ಬರುತ್ತದೆ, ಆಮೇಲೆ ಕೊಡ, ಬಹಳ ಹೊತ್ತಿನ ಮೇಲೆ ಅವಳು. ಮೊನ್ನೆ ಬಳೆಯ ಸದ್ದೂ ಬಂತು, ಅವಳೂ ಬಂದಳು, ಕೊಡ ಬರಲಿಲ್ಲ. ಸೊಂಟದ ಮೇಲೆ ಕೈ ಮಾತ್ರ ಕೊಡ ಹಿಡಿದ ಹಾಗೆಯೇ ಇತ್ತು. ಈ ತಿಂಗಳಲ್ಲಿ ಬೇಳೆಗೆ ಎರಡು ಸಲ ಉಪ್ಪು ಬಿದ್ದದ್ದು ಮೂರು ದಿನ, ಬೀಳದೇ ಇದ್ದದ್ದು ಎರಡು ದಿನ. ನಾನು ಎಣಿಸುತ್ತೇನೆ, ಬೈಯುವುದಿಲ್ಲ. ಗೋಡೆಗೆ ಸುಣ್ಣ ಬಳಿಯಲು ಕೂತರೆ ಒಂದೇ ಜಾಗಕ್ಕೆ ನಾಲ್ಕು ಸಲ ಬಳಿದು, ಆ ಬೆಳ್ಳಗಿನೊಳಗೆ ಏನೋ ಕಂಡವಳ ಹಾಗೆ ನಿಂತುಬಿಡುತ್ತಾಳೆ. ನಾತಾಳ ಹಬ್ಬದ ಹಾಡು ಕಲಿಯಲು ಸಂಜೆ ಚರ್ಚಿಗೆ ಹೋಗಿ ಬಂದಮೇಲೆ ಆ ಹಾಡು ಅವಳ ಬಾಯಿಂದ ಕೈಗೆ ಇಳಿಯುತ್ತದೆ. ರೊಟ್ಟಿ ತಟ್ಟುವುದೂ ಅದೇ ತಾಳಕ್ಕೆ. ರೊಟ್ಟಿ ಮಾತ್ರ ಮೊದಲಿಗಿಂತ ತೆಳ್ಳಗಾಗಿದೆ, ದೇವರಿಗೆ ಸ್ತೋತ್ರ.

ಶನಿವಾರ ಕರ್ಚಿಕಾಯಿ ಕರಿಯಲು ಕೂತೆವು. ಅರ್ಧ ಚಂದ್ರನ ಹಾಗೆ ಮಡಚಬೇಕಾದದ್ದನ್ನು ಅವಳು ನಕ್ಷತ್ರ ಮಾಡಿದಳು, ಮೀನು ಮಾಡಿದಳು. ಕಡೆಗೆ ಒಂದಕ್ಕೆ ನಾಲ್ಕು ಗಾಲಿ ಅಂಟಿಸಿ ಎಣ್ಣೆಗೆ ಬಿಟ್ಟಳು. ಇದೇನವ್ವ ಎಂದರೆ, ‘ಬಸ್ಸು ಆಯಿ, ನಿಲಂಗಾದ್ದು’ ಎಂದು ಮುಖ ಕೆಂಪು ಮಾಡಿಕೊಂಡಳು. ನಾನು ನಕ್ಕೆ. ಆಮೇಲೆ ಜಾರೆಯಿಂದ ಆ ಬಸ್ಸನ್ನು ಎತ್ತಿ ಆರಲು ಇಡುವಾಗ ಅನ್ನಿಸಿತು, ನಿಲಂಗಾದ ಬಸ್ಸು ನಿಲಂಗಾದಲ್ಲಿ ಹುಟ್ಟುವುದಿಲ್ಲವಲ್ಲ. ಅದಕ್ಕೂ ಹಿಂದೆ ಉಮರ್ಗಾ ಇದೆ. ಉಮರ್ಗಾದಲ್ಲಿ ಅದು ಸೊಲ್ಲಾಪುರದಿಂದ ಬಂದವರನ್ನು ಹತ್ತಿಸಿಕೊಳ್ಳುತ್ತದೆ. ಯಾರನ್ನು ಕೂರಿಸಲು ಆ ಬಸ್ಸು ಮಾಡಿದಳೋ ನಾನು ಕೇಳಲಿಲ್ಲ. ಅದನ್ನು ಅವಳು ಯಾರಿಗೂ ತಿನ್ನಲು ಕೊಟ್ಟಿಲ್ಲ, ಗೂಡಿನಲ್ಲಿ ಬಟ್ಟಲು ಮುಚ್ಚಿ ಇಟ್ಟಿದ್ದಾಳೆ.

ಪಕ್ಕದ ಮನೆಯ ಶಿವಗಂಗಾಬಾಯಿ ನಿನಗೆ ನೆನಪಿರಬೇಕು, ಚಿಕ್ಕವನಿದ್ದಾಗ ನಿನಗೆ ಕೆನೆ ಹಾಕಿ ಹಾಕಿ ಕೆಡಿಸಿದವಳು. ಮದುವೆಯ ಬಿಳಿ ಸೀರೆಯನ್ನು ಸಲೋಮಿ ಒಗೆದು ಅಂಗಳದಲ್ಲಿ ಒಣಹಾಕಿದ ದಿನ ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಓಡಿ ಬಂದಳು. ನಮ್ಮಲ್ಲಿ ಮದುಮಗಳು ಬಿಳಿ ಉಡುವುದು ಗೊತ್ತಿದ್ದೂ, ಕಣ್ಣಿಗೆ ಬಿದ್ದಾಗ ಅವಳ ಎದೆ ತಡೆಯಲಿಲ್ಲ. ‘ಮುಕ್ತಾಬಾಯಿ, ನಿಮ್ಮ ದೇವರು ನಿಮ್ಮಂವ, ನಾ ಏನೂ ಅನ್ನಂಗಿಲ್ಲ. ಖರೇ ಆ ಕೂಸಿಗಿ ಒಂದ ಎಳಿ ಬಣ್ಣರ ಹಾಕ್ರೀ, ನನ್ನ ಜೀವ ತಡ್ಯಂಗಿಲ್ಲ’ ಅಂದಳು. ಸಲೋಮಿ ಈಗ ಆ ಸೀರೆಯ ಅಂಚಿಗೆ ಕೆಂಪು ದಾರದಿಂದ ಸಣ್ಣ ಬಳ್ಳಿ ಹೊಲಿಯುತ್ತಿದ್ದಾಳೆ. ನನ್ನ ಆಸ್ಪತ್ರೆಯ ಹಾಸುಗಳಿಗೆ ಗುರುತು ಹಾಕುವ ದಾರವೇ ಅದು. ದಿನಕ್ಕೆ ಒಂದು ಗೇಣು. ಮೂವತ್ತನೇ ತಾರೀಖಿಗೆ ಮುಗಿಯುವ ಹಾಗೆ ಅಳೆದುಕೊಂಡು ಹೊಲಿಯುತ್ತಾಳೆ. ಅಷ್ಟರಮಟ್ಟಿಗೆ ಅವಳು ನನ್ನ ಮೊಮ್ಮಗಳು. ಆ ದಿನ ಶಿವಗಂಗಾಬಾಯಿ ನಮ್ಮಿಬ್ಬರನ್ನೂ ತನ್ನ ಹೊಲಕ್ಕೆ ಕರೆದೊಯ್ದಳು. ಎಳೆ ಜೋಳದ ತೆನೆ ಸುಟ್ಟು ಸೀತನಿ ಉಜ್ಜಿ ಕೊಟ್ಟಳು. ಹೊಗೆ ನೆಟ್ಟಗೆ ಮೇಲೇಳುತ್ತಿತ್ತು, ಗಾಳಿಯಲ್ಲಿ ತೊಗರಿ ಹೂವಿನ ವಾಸನೆ. ಬಾರಿ ಗಿಡದ ನೆರಳಿನಲ್ಲಿ ನಿನ್ನ ಮಗಳು ಮಡಿಲ ತುಂಬ ಹಣ್ಣು ಇಟ್ಟುಕೊಂಡೇ ನಿದ್ದೆ ಹೋದಳು, ನಿದ್ದೆಯಲ್ಲಿ ನಕ್ಕಳು. ಮಲಗಿದಾಗ ಆ ಮುಖ ಪೂರಾ ಗುಂಡಮ್ಮನದು. ನಿನ್ನ ಹೆಂಡತಿಯ ಹೆಸರು ಬರೆದೆ. ಒಂಬತ್ತು ವರ್ಷದಲ್ಲಿ ಇದೇ ಮೊದಲು. ಬರೆಯಬೇಕಿತ್ತು, ಬರೆದೆ.

ಆ ವರ್ಷವನ್ನು ನಾನು ನಿನ್ನ ಲೆಕ್ಕಕ್ಕೆ ಎಂದೂ ಬರೆದವಳಲ್ಲ. ಕೆಲಸ ಹುಡುಕಿ ನೀನು ಸೊಲ್ಲಾಪುರಕ್ಕೆ ಹೋಗಿದ್ದೆ. ಗಲಾಟೆಗೆ ದಾರಿಗಳು ಮುಚ್ಚಿದವು. ಇತ್ತ ಗುಂಡಮ್ಮನಿಗೆ ಜ್ವರ ಏರಿತು. ಪೊಲೀಸ್ ಆ್ಯಕ್ಷನ್ ಆಗಿ ದಾರಿ ತೆರೆದಾಗ ಓಡಿ ಬಂದೆ. ಅವಳನ್ನು ಮಣ್ಣಿಗಿಟ್ಟು ಹನ್ನೊಂದು ದಿನವಾಗಿತ್ತು. ಗಡ್ಡ ಬಿಟ್ಟು, ಒಣಗಿ ಕಡ್ಡಿಯಾಗಿದ್ದೆ. ಬಾಗಿಲು ತೆಗೆದ ಹತ್ತು ವರ್ಷದ ಮಗಳು ನಿನ್ನನ್ನು ನೋಡಿ ‘ಯಾರ ಬೇಕ್ರೀ?’ ಎಂದು ಕೇಳಿದಳು. ಕೂಸು ಕೇಳಿದ್ದು ಅಷ್ಟೇ. ನೀನು ಅದಕ್ಕೆ ಇನ್ನೂ ಉತ್ತರ ಹುಡುಕುತ್ತಿದ್ದೀ. ವಾರ ಕಳೆಯುವುದರೊಳಗೆ ಹೊರಟೆ. ಮರುವರ್ಷದಿಂದ ಪ್ರತಿ ನಾತಾಳಕ್ಕೆ ಮಲ್ಲಣ್ಣನ ಕೈಯಲ್ಲಿ ಒಂದು ಸೊಲ್ಲಾಪುರದ ಚಾದರ ಬರುತ್ತದೆ. ಈಗ ಎಂಟು ಚಾದರ ಇವೆ, ಮನೆಯಲ್ಲಿ ಮೈ ಎರಡೇ. ನಿನಗೆ ಯೋನ ಎಂದು ಹೆಸರಿಟ್ಟದ್ದೇ ನನ್ನ ತಪ್ಪಿರಬೇಕು. ಬೈಬಲಿನ ಆ ಯೋನ ಮೀನಿನ ಹೊಟ್ಟೆಯಲ್ಲಿ ಮೂರೇ ದಿನ ಇದ್ದು ಹೊರಬಂದ. ನೀನು ಗಿರಣಿಯ ಹೊಟ್ಟೆಯಲ್ಲಿ ಒಂಬತ್ತು ವರ್ಷ.

ಈಗ ಒಂದು ಅಪಘಾತ ಹೇಳಬೇಕು. ಮದುವೆಗೆ ಮುಂಚೆ ಮೂರು ಐತವಾರ ಚರ್ಚಿನಲ್ಲಿ ಹೆಸರು ಕೂಗುತ್ತಾರಲ್ಲ, ಆ ಕೂಗು ಈ ತಿಂಗಳ ಒಂದನೇ ತಾರೀಖಿಗೆ ಸುರುವಾಯಿತು. ಹೊಸ ಪಾದ್ರಿ ಎಳೆಯ ಹುಡುಗ, ಪುಸ್ತಕದಲ್ಲಿ ಬರೆದದ್ದನ್ನು ಬಿಟ್ಟು ಸೀನುವುದೂ ಇಲ್ಲ. ಹೋದ ವರ್ಷ ನಮ್ಮನ್ನು ಮುಂಬಯಿ ರಾಜ್ಯಕ್ಕೆ ಹಾಕಿದರಲ್ಲ, ಅದಕ್ಕೆ ಆತ ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ ಕೂಗುತ್ತಾನೆ: ‘ಈ ಮದುವೆಗೆ ಯಾರದಾದರೂ ಅಡ್ಡಿ ಇದ್ದರೆ ಎದ್ದು ಹೇಳಿರಿ.’ ಅಡ್ಡಿ ಇರುವವರು ಯಾವ ಭಾಷೆಯವರಾದರೂ ತಪ್ಪಿಸಿಕೊಳ್ಳಬಾರದಂತೆ. ತನ್ನ ಹೆಸರಿನ ಕೂಗು ತಾನೇ ಕೇಳಬಾರದೆಂದು ನಮ್ಮ ಮನೆಯಲ್ಲಿ ರೂಢಿ. ಹುಡುಗಿ ಮೂರೂ ಐತವಾರ ಮನೆಯಲ್ಲೇ ಕೂತು ಸೀರೆಗೆ ಬಳ್ಳಿ ಹೊಲಿದಳು. ಮೊದಲ ಕೂಗು ಸುಸೂತ್ರ. ಎರಡನೆಯದೂ ಸುಸೂತ್ರ. ಮೊನ್ನೆ ಮೂರನೆಯ ಕೂಗಿಗೆ ‘ಯೋನಪ್ಪನ ಮಗಳು ಸಲೋಮಿ’ ಎಂದು ಕೇಳಿದ್ದೇ ತಡ, ನಾನು ಧಡಕ್ಕನೆ ಎದ್ದು ನಿಂತು ‘ಹಾಜರ್’ ಅಂದೆ.

ನಗಬೇಡ. ಆಸ್ಪತ್ರೆಯಲ್ಲಿ ದಿನಾ ಬೆಳಿಗ್ಗೆ ಹಾಜರಿ ಕರೆಯುತ್ತಾರೆ, ಬಾರದವರ ಪರವಾಗಿ ಇಪ್ಪತ್ತಾರು ವರ್ಷದಿಂದ ಎದ್ದು ನಿಂತು ಬಂದವಳು ನಾನು. ನಿನ್ನ ಹೆಸರು ಕಿವಿಗೆ ಬಿತ್ತು, ನೀನು ಇರಲಿಲ್ಲ, ಕಾಲು ತಾವೇ ಎದ್ದವು. ಮಾತು ಕೇಳದ ಮೊಣಕಾಲು ಕೂಡ. ಹಿಂದಿನ ಸಾಲಿನ ಹೆಂಗಸರು ನಕ್ಕರು. ಪಾದ್ರಿ ಮಾತ್ರ ನಗಲಿಲ್ಲ, ಅಡ್ಡಿ ಬಂದಿದೆ ಎಂದು ಪುಸ್ತಕದಲ್ಲಿ ಬರೆದೇ ಬರೆದ. ಬರೆದದ್ದನ್ನು ಅಳಿಸಲು ಆತನಿಗೆ ಬರುವುದಿಲ್ಲ. ಬದುಕಿರುವ ತಂದೆಯೇ ಬಂದು, ಬರುವ ಐತವಾರ ಇಪ್ಪತ್ತೆರಡಕ್ಕೆ, ಅದೇ ಸಭೆಯ ಮುಂದೆ ನಿಂತು ‘ನನ್ನ ಅಡ್ಡಿ ಇಲ್ಲ’ ಎನ್ನಬೇಕಂತೆ. ಇಲ್ಲದಿದ್ದರೆ ಮೂವತ್ತಕ್ಕೆ ಮದುವೆ ಇಲ್ಲ. ನಿಲಂಗಾದ ಬೀಗರಿಗೆ ಸುದ್ದಿ ನನಗಿಂತ ಮೊದಲು ಮುಟ್ಟಿದೆ. ದೇವಪುತ್ರ ಒಳ್ಳೆಯವನು, ಕಾಯುತ್ತಾನೆ. ಅವನ ದೊಡ್ಡಪ್ಪ ಕಾಯುವವನಲ್ಲ. ‘ಅಪ್ಪ ಇಲ್ಲದ ಮನೀ ಹುಡಿಗಿ’ ಎಂದು ಆಗಲೇ ಒಂದು ಸಲ ಅಂದಿದ್ದಾನೆ, ಎರಡನೆಯ ಸಲ ಅನ್ನಲು ನೆಪ ಬೇಕಿತ್ತು ಅವನಿಗೆ.

ಮನೆಗೆ ಬಂದು ಹೇಳಿದಾಗ ಸಲೋಮಿ ಸೂಜಿ ಕೆಳಗಿಡಲಿಲ್ಲ. ‘ಖರೇ ಬರ್ತಾನೇನ ಆಯಿ?’ ಎಂದು ಮಾತ್ರ ಕೇಳಿದಳು. ದೇವಪುತ್ರನ ಬಗ್ಗೆ ಕೇಳಲಿಲ್ಲ, ಮದುವೆಯ ಬಗ್ಗೆ ಕೇಳಲಿಲ್ಲ. ಆ ದಿನ ಅವಳು ಹೊಲಿದದ್ದು ಎರಡು ಗೇಣು.

ಶಿವಗಂಗಾಬಾಯಿ ನಿನಗೆ ಆಶೀರ್ವಾದ ಹೇಳಿದ್ದಾಳೆ, ಕೆನೆ ಎತ್ತಿಟ್ಟಿದ್ದಾಳಂತೆ. ತಪ್ಪಿಸಿಕೊಂಡ ನೂರನೆಯ ಕುರಿಯನ್ನು ಹುಡುಕಿ ತಂದ ಕುರುಬ ನಿನ್ನನ್ನೂ ಕಾಯಲಿ. ಎದೆಗೆ ಎಣ್ಣೆ ಹಚ್ಚಿಕೊ.

ಇಂತಿ, ನಿನ್ನನ್ನು ಹೆತ್ತು ಇನ್ನೂ ಎಣಿಸುತ್ತಿರುವ ಅವ್ವ,
ಮುಕ್ತಾಬಾಯಿ

ತಾ.ಕ.: ಮಲ್ಲಣ್ಣ ಬಸ್ಸಿನ ಹಾರ್ನು ಒತ್ತಿಸುತ್ತಿದ್ದಾನೆ, ಬೇಗ ಬರೆಯುತ್ತೇನೆ. ಕಾಲು ತಾವೇ ಏಳಲಿಲ್ಲ ಯೋನಪ್ಪಾ, ನಾನು ಎಬ್ಬಿಸಿದೆ. ಎರಡು ಐತವಾರ ಯೋಚಿಸಿ ಮೂರನೆಯದಕ್ಕೆ ಎದ್ದೆ. ತಂದೆಯ ಕಾಗದ ಬಂದರೂ ಸಾಕು ಎಂದಿದ್ದ ಪಾಪ ಆ ಪಾದ್ರಿ. ‘ಕಾಗದಾನ ನಾನೇ ಬರ್ಕೋಬಹುದು, ನಂಬಬ್ಯಾಡ್ರಿ’ ಎಂದು ಹೇಳಿ ತಂದೆಯೇ ಬರಬೇಕೆಂದು ಮಾಡಿದವಳೂ ನಾನೇ. ಕರೆದರೆ ನೀನು ಬರುವುದಿಲ್ಲ, ಚಾದರ ಬರುತ್ತದೆ. ದೇವರ ಮನೆಯಲ್ಲಿ ಸುಳ್ಳೇ ಎದ್ದು ನಿಂತದ್ದಕ್ಕೆ ನಾನೇ ದೇವರಿಗೆ ಉತ್ತರ ಹೇಳುತ್ತೇನೆ. ನೀನು ಬಾರದಿದ್ದರೆ ಮಗಳಿಗೆ ಏನು ಹೇಳಲಿ? ನಿನ್ನೆ ಸಂಜೆ ಅವಳಿಗೆ ನಿಜ ಹೇಳಿಬಿಟ್ಟೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಎದ್ದು ಹೋಗಿ ಬಾಗಿಲು ಪೂರಾ ತೆರೆದು, ಕದವನ್ನು ಗೋಡೆಯ ಗೂಟಕ್ಕೆ ಕೆಂಪು ದಾರದಿಂದ ಕಟ್ಟಿದಳು. ‘ಈ ಸಲ ಬಡೀಬಾರ್ದು, ನಾ ತೆಗೀಬಾರ್ದು, ಯಾರ ಬೇಕಂತ ಕೇಳಬಾರ್ದು. ಸೀದಾ ಒಳಗ ಬರ್ಲಿ’ ಅಂದಳು. ನಿನ್ನೆಯಿಂದ ಹಾಗೇ ಇದೆ. ಮಂಜು ಒಳಗೇ ಬಂದು ಕೂರುತ್ತದೆ. ಒಂಬತ್ತನೆಯ ಚಾದರ ಕಳಿಸಬೇಡ. ಎಂಟೂ ಹೊದ್ದರೂ ಥಂಡಿ ತಡೆಯುತ್ತಿಲ್ಲ. ಬಂದು ಈ ಬಾಗಿಲು ಹಾಕು.