ನಲವತ್ತೊಂದನೇ ಸಾಲಿನ ಅಕ್ಷತ

ಇನ್ನೂ ಮುಖ ನೋಡಿರದ ಭಾನುಪ್ರಿಯಾ,

ಏಕವಚನದಲ್ಲಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ನಾನು ಬಸುರಿ ಎಂದು ನನ್ನ ಅತ್ತೆಗೆ ನನಗಿಂತ ಮೊದಲೇ ಹೇಳಿದವಳು ನೀನು. ಅಷ್ಟು ಸಲಿಗೆ ತೆಗೆದುಕೊಂಡವಳ ಹತ್ತಿರ ಇನ್ನೆಂಥ ಬಹುವಚನ! ಹೆರಿಗೆಯಾಗಿ ಹದಿನಾರು ದಿನವಾಯಿತು. ಹೆಣ್ಣುಮಗು. ಮೂರು ಕೆಜಿಗೆ ನೂರು ಗ್ರಾಂ ಕಡಿಮೆ, ಗಂಟಲು ಮಾತ್ರ ಥೇಟ್ ಅಜ್ಜಿಯದು. ಈಗ ಹಾಲು ಕುಡಿದು ಮಲಗಿದ್ದಾಳೆ. ನಾನು ಕಿವಿಗೆ ಹತ್ತಿ ಇಟ್ಟುಕೊಂಡು, ಬಾಣಂತಿ ಬರೆಯಬಾರದು ಎಂದು ಗೊಣಗುವವರ ಕಣ್ಣು ತಪ್ಪಿಸಿ ಬರೆಯುತ್ತಿದ್ದೇನೆ.

ನನ್ನ ವಯಸ್ಸು, ರಕ್ತದ ಗುಂಪು ಎಲ್ಲ ನಿನಗೆ ಗೊತ್ತು. ಉಳಿದದ್ದು ಕೇಳು. ನಮ್ಮದು ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಪಕ್ಕದ ಹಳ್ಳಿ. ಗಂಡ ಮುನಿಕೃಷ್ಣ, ಅತ್ತೆ ಮುನಿಗಂಗಮ್ಮ ರೇಷ್ಮೆ ಹುಳು ಸಾಕುತ್ತಾರೆ. ನಾನು ಏರ್‌ಪೋರ್ಟಿನ ಸರಕು ವಿಭಾಗದಲ್ಲಿ ವಿದೇಶಕ್ಕೆ ಹೋಗುವ ಹೂವಿನ ಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತೇನೆ. ಒಳಗೆ ಹೋಗುವಾಗ ಫೋನನ್ನು ಲಾಕರಿನಲ್ಲಿಡಬೇಕು. ಹಾಗಾಗಿ ಹೆರಿಗೆ ಆಸ್ಪತ್ರೆಯ ಫಾರಂನಲ್ಲಿ, ತುರ್ತಿಗೆ ಇರಲಿ ಎಂದು ಅತ್ತೆಯ ನಂಬರು ಬರೆದುಬಂದೆ. ನನ್ನ ದಡ್ಡತನಕ್ಕೆ ಏನು ಹೇಳಲಿ? ಅತ್ತೆಗೆ ಗೊತ್ತಾಗಲೇಬಾರದು ಎಂದುಕೊಂಡಿದ್ದ ವಿಷಯವೇ ಆ ಫೈಲಿನ ತುಂಬ ಇತ್ತು.

ಇದಕ್ಕೂ ಮುಂಚೆ ಎರಡು ಸಲ, ಮೂರು ತಿಂಗಳು ತುಂಬುವ ಮೊದಲೇ, ಬಸಿರು ಹೋಗಿತ್ತು. ಮೂರು ತಿಂಗಳವರೆಗೆ ಯಾರಿಗೂ ಹೇಳಬಾರದು ಎಂಬ ಪದ್ಧತಿ ನಮ್ಮ ಕಡೆ ಇದೆಯಲ್ಲ, ಅದರ ಮರೆಯಲ್ಲಿ ಎರಡನ್ನೂ ಮುಚ್ಚಿಟ್ಟೆ. ಗಂಡನೊಬ್ಬನಿಗೆ ಗೊತ್ತಿತ್ತು. ಅತ್ತೆ ಕೆಟ್ಟವರಲ್ಲ. ಆದರೆ ‘ಪಾಪ’ ಎಂದು ಅವರು ನನ್ನನ್ನು ನೋಡುವ ನೋಟ ನನಗೆ ಬೇಡವಾಗಿತ್ತು. ಮೂರನೆಯದನ್ನೂ ಹಾಗೇ ಬಚ್ಚಿಟ್ಟುಕೊಂಡು ನಾಲ್ಕನೇ ತಿಂಗಳಿಗೆ ಬಂದೆ.

ಆಗ ನನ್ನ ಇಮೇಲಿಗೆ ಆಸ್ಪತ್ರೆಯ ಪತ್ರ ಬಂತು. ಕೆಲವು ದಾಖಲೆಗಳು ಅನುಮತಿಯಿಲ್ಲದವರ ಕೈಗೆ ಸಿಕ್ಕಿರಬಹುದು, ಆತಂಕ ಬೇಡ ಎಂದಿತ್ತು. ಬೇಡ ಎಂದರೆ ಆತಂಕ ಬಿಡುತ್ತದೆಯೇ! ಆಧಾರ್ ನಂಬರು ಹಾಳಾಗಿ ಹೋಗಲಿ, ಅತ್ತೆಗೆ ಯಾರಾದರೂ ಫೋನ್ ಮಾಡಿಬಿಟ್ಟರೆ? ಬೇರೆಯವರ ಬಾಯಲ್ಲಿ ಅವರು ಕೇಳುವ ಮೊದಲು ನಾನೇ ಹೇಳಬೇಕು ಎಂದು ಶಿಫ್ಟ್ ಮುಗಿಸಿ ಬಸ್ಸು ಹಿಡಿದೆ. ಅತ್ತೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತ ಕೂತಿದ್ದರು. ಎದುರಿಗೆ ಕೂತು, ಹೋದ ಎರಡನ್ನೂ ಇದ್ದ ಒಂದನ್ನೂ ಒಂದೇ ಉಸಿರಿಗೆ ಹೇಳಿ ಅತ್ತುಬಿಟ್ಟೆ. ಅವರು ನನ್ನ ತಲೆಯನ್ನು ಎದೆಗೊತ್ತಿಕೊಂಡು ನನಗಿಂತ ಜೋರಾಗಿ ಅತ್ತರು. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, ‘ಸದ್ಯ, ಹೇಳಿದ್ಯಲ್ಲ ತಾಯಿ. ಆ ಹುಡುಗಿ ಫೋನ್ ಮಾಡಿ ಏಳು ವಾರ ಆಯ್ತು. ಬಾಯಿ ಕಟ್ಕೊಂಡು ಕಟ್ಕೊಂಡು ನನ್ನ ಹೊಟ್ಟೆ ನಿಂದಕ್ಕಿಂತ ದೊಡ್ಡದಾಗಿತ್ತು ಕಣೆ’ ಎಂದರು.

ಆ ಹುಡುಗಿ ನೀನು. ಮುಂದೆ ಮಗುವಿನ ಚಿಕಿತ್ಸೆಗೆ ಬೇಕಾದೀತು ಎಂದು ಹೊಕ್ಕುಳಬಳ್ಳಿಯ ರಕ್ತ ಕಾದಿಡುವ ಕಂಪನಿಯ ಪರವಾಗಿ ಫೋನ್ ಮಾಡಿ, ‘ಕಂಗ್ರಾಜುಲೇಷನ್ಸ್ ಮೇಡಂ, ಮೂರನೇ ಸಲ ಅಲ್ವಾ, ಈ ಸಲ ಎಲ್ಲ ಒಳ್ಳೇದಾಗುತ್ತೆ’ ಎಂದೆಯಂತೆ. ‘ನಂಗೆ ಅರವತ್ತಮೂರು ಕಣಮ್ಮ, ಇದೇನು ಹೇಳ್ತಿದೀಯ’ ಎಂದ ಅತ್ತೆಗೆ ಅರೆಕ್ಷಣದಲ್ಲಿ ಅರ್ಥವಾಗಿದೆ. ನಿನ್ನ ಹೆಸರು, ಊರು, ಊಟ ಆಯ್ತೋ ಇಲ್ಲವೋ ಎಲ್ಲ ವಿಚಾರಿಸಿ, ‘ಇದು ನನ್ನ ಸೊಸೆ ನಂಗೆ ಹೇಳ್ಬೇಕಾದ ಮಾತು. ನೀನು ಹೇಳಿಲ್ಲ, ನಾನು ಕೇಳಿಲ್ಲ. ಇಡು ಫೋನು’ ಎಂದರಂತೆ. ಆ ಏಳು ವಾರ ನಮ್ಮ ಮನೆಯಿಂದ ಪರಂಗಿಹಣ್ಣು ಮಾಯವಾಗಿತ್ತು. ನೀರಿನ ಕೊಡ ನನ್ನ ಕೈಗೆ ಸಿಗುತ್ತಿರಲಿಲ್ಲ. ಅತ್ತೆಗೆ ವಯಸ್ಸಾಯಿತು, ಏನೋ ಹುಚ್ಚು ಹತ್ತಿದೆ ಎಂದುಕೊಂಡಿದ್ದೆ. ಆಸ್ಪತ್ರೆಯ ಕಂಪ್ಯೂಟರಿಗೆ ಕಾಯಲಾಗದ ಗುಟ್ಟನ್ನು ಅವರು ಎಲೆಅಡಿಕೆಯ ಜೊತೆ ಬಾಯಲ್ಲಿಟ್ಟುಕೊಂಡು ಕಾದಿದ್ದರು.

ನಿನ್ನ ಮೇಲೆ ಮೊದಲು ಕೆಂಡದಂಥ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಅತ್ತೆಯ ಸಿಟ್ಟು ಆಸ್ಪತ್ರೆಯ ಮೇಲಿತ್ತು. ಮರುದಿನವೇ ನನ್ನನ್ನು ದೇವನಹಳ್ಳಿಯ ವಕೀಲ ಚಿನ್ನಸ್ವಾಮಿಯವರ ಹತ್ತಿರ ಎಳೆದುಕೊಂಡು ಹೋದರು. ‘ಬಂದ ಪತ್ರ ಅಳಿಸ್ಬೇಡಿ. ಪಾಸ್‌ವರ್ಡ್ ಬದಲಾಯಿಸಿ. ಆಸ್ಪತ್ರೆಯಿಂದ ಅಂತ ಹೇಳ್ಕೊಂಡು ಯಾರು ಒಟಿಪಿ ಕೇಳಿದ್ರೂ ಕೊಡ್ಬೇಡಿ. ನಿಮ್ಮ ವಿಮೆಯಲ್ಲಿ ಬೇರೆ ಯಾರಾದ್ರೂ ಚಿಕಿತ್ಸೆ ತಗೊಂಡಿದಾರಾ ನೋಡ್ಕೊಳ್ಳಿ. ಏನು ಸೋರಿದೆ, ಯಾರ ಕೈ ಸೇರಿದೆ ಅಂತ ಬರವಣಿಗೇಲಿ ಕೇಳಿ, ಸೀಲು ಹಾಕಿಸ್ಕೊಂಡು ಬನ್ನಿ. ಕೇಳೋದು ನಿಮ್ಮ ಹಕ್ಕಮ್ಮ, ಅಂಜ್ಕೋಬೇಡಿ’ ಎಂದರು.

ಅರ್ಜಿ ಹಿಡಿದು ಹೋದರೆ ಆಸ್ಪತ್ರೆಯ ಮ್ಯಾನೇಜರು, ನಿಮ್ಮ ಫೈಲು ಸೋರಿದ್ದರಲ್ಲಿ ಇಲ್ಲವೇ ಇಲ್ಲ ಎಂದು ನುಣುಚಿಕೊಂಡ. ಅತ್ತೆ ಬಿಡುತ್ತಾರೆಯೇ? ‘ನಮ್ಮ ಹುಳದ ಮನೆಗೇ ಕಾಲು ತೊಳೀದೆ ಯಾರನ್ನೂ ಬಿಡಲ್ಲ ಸ್ವಾಮಿ. ನೀವು ಹೆಣ್ಮಕ್ಕಳ ಹೊಟ್ಟೆ ವಿಷಯ ಇಟ್ಕೊಂಡು ಬಾಗ್ಲು ತೆಗೆದು ಮಲ್ಗಿದೀರಲ್ಲ!’ ಎಂದು ಇಡೀ ವರಾಂಡಕ್ಕೆ ಕೇಳುವಂತೆ ಕೂಗಿದರು. ಸಾಲಾಗಿ ಕೂತಿದ್ದ ಬಸುರಿಯರೆಲ್ಲ ಎದ್ದು ನಿಂತರು. ಆದರೂ ಅವನು ಪುರಾವೆ ಏನಿದೆ ಎಂದ. ನಮ್ಮ ಹತ್ತಿರ ಇದ್ದದ್ದು ನಿನ್ನ ಹೆಸರು, ಅತ್ತೆಯ ಫೋನಿನಲ್ಲಿ ಉಳಿದಿದ್ದ ನಿನ್ನ ನಂಬರು, ಅಷ್ಟೇ.

ನನ್ನ ವಿಷಯ ನಿನಗೆ ಎಲ್ಲಿ ಸಿಕ್ಕಿತು ಎಂದು ಫೋನ್ ಮಾಡಿ ಕೇಳಿದಾಗ ನೀನು ‘ಅಕ್ಕಾ, ನನ್ ಕೆಲಸ ಹೋಗುತ್ತೆ’ ಎಂದೆ. ನಾನು ಒತ್ತಾಯ ಮಾಡಲಿಲ್ಲ. ಮಾರನೇ ದಿನ ನೀನೇ ಕಳಿಸಿದ, ನಿಮ್ಮ ಕಂಪನಿಗೆ ಸಿಕ್ಕ ಪಟ್ಟಿಯ ಫೋಟೋದಲ್ಲಿ ನನ್ನನ್ನು ನಾನು ಕಂಡೆ. ನಲವತ್ತೊಂದನೇ ಸಾಲು. ಅಕ್ಷತ, ಇಪ್ಪತ್ತೊಂಬತ್ತು, ಹಿಂದಿನ ಎರಡು ಉಳಿದಿಲ್ಲ. ನನ್ನ ಮೇಲೆ ಕೆಳಗೆ ನನ್ನಂಥವರೇ ನಾನೂರಕ್ಕೂ ಹೆಚ್ಚು ಹೆಂಗಸರು. ಪಟ್ಟಿ ಕೊಟ್ಟವರು ಯಾರು ಎಂದು ನೀನು ಸಹಿ ಹಾಕಿ ಬರೆದುಕೊಟ್ಟ ಕಾಗದವನ್ನು ಹಿಡಿದೇ ನಾವು ಸೈಬರ್ ಪೊಲೀಸರ ಹತ್ತಿರ ಹೋದದ್ದು, ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟದ್ದು. ಪಟ್ಟಿ ಮಾರಿದವನ ಮೇಲೆ ಕೇಸಾಯಿತು. ಆಸ್ಪತ್ರೆ ಅಷ್ಟೂ ಹೆಂಗಸರಿಗೆ ಏನೇನು ಸೋರಿದೆ ಎಂದು ಬರೆದು ತಪ್ಪೊಪ್ಪಿಕೊಂಡಿತು. ನಮ್ಮ ದೂರಿನ ವಿಚಾರಣೆ ಇನ್ನೂ ನಡೆಯುತ್ತಿದೆ, ನಡೆಯಲಿ, ನಾವೂ ಗಟ್ಟಿಯಾಗಿದ್ದೇವೆ. ನಿನ್ನ ಕೆಲಸ ಮಾತ್ರ ಹೋಗೇ ಹೋಯಿತು. ಹೊಸಕೋಟೆಯ ಗೋದಾಮಿನಲ್ಲಿ ಬೇರೆ ಕೆಲಸ ಸಿಕ್ಕಿತು ಎಂಬ ನಿನ್ನ ಮೆಸೇಜು ಓದಿ ಹೇಳಿದ ದಿನ ಅತ್ತೆ ದೇವರಿಗೆ ಕಾಯಿ ಒಡೆದರು.

ಮೊನ್ನೆ ಪಕ್ಕದ ಮನೆಯ ನರಸಮ್ಮ ಮಗು ನೋಡಲು ಬಂದಿದ್ದರು. ಮೊದಲನೇದಲ್ವಾ ಎಂದು ಅತ್ತೆಯನ್ನು ಕೇಳಿದರು. ‘ಅವಳನ್ನೇ ಕೇಳು’ ಎಂದು ಅತ್ತೆ ಒಳಗೆ ಹೊರಟರು. ನಾನು, ‘ಮೂರನೇದು ನರಸಮ್ಮ, ಮೊದಲೆರಡು ನಿಲ್ಲಲಿಲ್ಲ’ ಎಂದೆ. ಕಣ್ಣು ತುಂಬಲಿಲ್ಲ. ನರಸಮ್ಮ ಮಗುವಿನ ಮುಷ್ಟಿಯನ್ನು ಕೆನ್ನೆಗೆ ಒತ್ತಿಕೊಂಡು, ‘ನಂದೂ ಒಂದು ಹೋಗಿತ್ತು ಕಣೆ, ಇಪ್ಪತ್ತೆಂಟು ವರ್ಷ ಆಯ್ತು, ಯಾರ್ಗೂ ಹೇಳಿಲ್ಲ’ ಎಂದರು. ಅತ್ತೆ ಮೂರು ಲೋಟ ಕಾಫಿ ತಂದರು. ಸಂಜೆಯವರೆಗೂ ಮಾತಾಡಿದೆವು, ನಗುವುದಕ್ಕೂ ಏನೇನೋ ಸಿಕ್ಕಿತು.

ಬರುವ ಭಾನುವಾರ ನಾಮಕರಣ. ದೇವನಹಳ್ಳಿಯಲ್ಲಿ ವಿಜಯಪುರದ ಬಸ್ಸು ಹತ್ತು, ಮುನಿಕೃಷ್ಣ ಸ್ಟ್ಯಾಂಡಿಗೆ ಬರುತ್ತಾನೆ. ನೀನು ಬಾರದೆ ತೊಟ್ಟಿಲಿಗೆ ಕೈ ಹಾಕುವುದಿಲ್ಲ ಎಂದು ಅತ್ತೆ ಹಟ ಹಿಡಿದಿದ್ದಾರೆ. ನಿನ್ನ ಮನೆ ತಂಪಾಗಿರಲಿ, ನಿನ್ನ ಗುಟ್ಟುಗಳು ನಿನ್ನ ಕೈಯಲ್ಲೇ ಇರಲಿ.

ಹೆಸರು ಆರಿಸಿದ್ದೇವೆ. ಇನ್ನೂ ಯಾವ ಫಾರಂನಲ್ಲೂ ಬರೆದಿಲ್ಲ, ಯಾವ ಪಟ್ಟಿಯಲ್ಲೂ ಇಲ್ಲ. ಬಾ, ನಿನಗೆ ನಾನೇ ಹೇಳುತ್ತೇನೆ.

ನಿನ್ನ ಅಕ್ಕ,
ಅಕ್ಷತ